ತೊಡೆ ತೋರಿಸುವ ಸಂತ

ಇಟಲಿಗೆ ಹೋಗಿ ಬಂದವರನ್ನು ಮಂದಿ ಕೇಳುವ ಯಾವ ಪ್ರಶ್ನೆಗೂ ನನ್ನ ಹತ್ತಿರ ಉತ್ತರವಿಲ್ಲ. ವಾಲಿದ ಗೋಪುರ ನೋಡಿಲ್ಲ. ನೀರೊಳಗಿನ ಊರು ನೋಡಿಲ್ಲ. ಪೋಪರು ಇರುವ ಓಣಿಯ ಕಡೆಗೂ ಹಾಯ್ದಿಲ್ಲ. ನಾನು ಸರಿಯಾಗಿ ನೋಡಿದ್ದು ಮೂರೇ: ಒಂದು ದವಾಖಾನೆ, ಅದರ ಬಗಲಿಗಿದ್ದ ಒಂದು ಚರ್ಚು, ಆ ಚರ್ಚಿನ ಗೋಡೆಯ ಮೇಲೆ ಒಬ್ಬ ಸಂತನ ತೊಡೆ. ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಇದನ್ನು ಹೇಳಿದಾಗ ಚಹಾದಂಗಡಿಯವನು ಸೋಸುವುದನ್ನು ಬಿಟ್ಟು ನನ್ನನ್ನೇ ನೋಡಿದ. "ಅಷ್ಟು ದೂರ ವಿಮಾನದಾಗ ಹೋಗಿ ತೊಡಿ ನೋಡ್ಕೊಂಡು ಬಂದ್ಯೇನೋ ಮೌನೇಶಪ್ಪ?"

ಹೌದಪ್ಪ. ನೋಡಿಕೊಂಡು ಬಂದೆ. ಹೆಂಡತಿಯನ್ನು ಕರೆದುಕೊಂಡೇ ಹೋಗಿ ನೋಡಿ ಬಂದೆ.

ಮಸ್ಕಿ, ಹೊರಡುವ ಮೊದಲು

ನಾನು ಪತ್ತಾರ, ಬೆಳ್ಳಿ ಬಂಗಾರದ ಕೆಲಸದವನು. ನಾಲ್ಕನೇ ಕ್ಲಾಸು ಮುಗಿಯುವ ಮೊದಲೇ ಅಪ್ಪ ಸಾಲಿ ಬಿಡಿಸಿ ಕುಲುಮೆ ಮುಂದೆ ಕೂರಿಸಿದ. ಅದರ ಬಗ್ಗೆ ನನಗೆ ಕೊರಗಿಲ್ಲ. ಸಾಲಿ ಕಲಿತವರು ಬರೆದದ್ದನ್ನು ರಬ್ಬರಿನಿಂದ ಅಳಿಸಬಹುದು, ನಾನು ಬಡಿದದ್ದನ್ನು ಅಳಿಸಬೇಕಾದರೆ ಬೆಂಕಿಯೇ ಬೇಕು. ನನ್ನ ಕೈ ಹೆಸರಾದದ್ದು ಹರಕೆಯ ಬೆಳ್ಳಿಗೆ. ಕಣ್ಣುಬೇನೆ ವಾಸಿಯಾದವರು ದೇವರಿಗೆ ಕೊಡುವ ಬೆಳ್ಳಿ ಕಣ್ಣು, ಕಾಲು ನೆಟ್ಟಗಾದವರು ಕೊಡುವ ಬೆಳ್ಳಿ ಪಾದ, ಕೂಸು ಹುಟ್ಟಿದ ಮನೆಯವರು ಕೊಡುವ ಬೆಳ್ಳಿ ತೊಟ್ಟಿಲು. ಬಳಗಾನೂರಿನಿಂದ ಲಿಂಗಸುಗೂರಿನವರೆಗೆ ಎಷ್ಟೋ ದೇವರು ನಾನು ಮಾಡಿದ ಮೀಸೆ ಇಟ್ಟುಕೊಂಡೇ ಕೂತಿದ್ದಾರೆ. ಬೆಳ್ಳಿಗೆ ಒಂದು ಗುಂಜಿ ತಾಮ್ರ ಹೆಚ್ಚು ಕೂಡಿಸಿದವನಲ್ಲ, ಕೆಲಸದಲ್ಲಿ ತಪ್ಪಾಯಿತೆಂದು ಯಾರ ಮುಂದೆಯೂ ಒಪ್ಪಿದವನೂ ಅಲ್ಲ, ಏಕೆಂದರೆ ತಪ್ಪೇ ಆಗಿರಲಿಲ್ಲ.

ನನ್ನ ಹೆಂಡತಿ ಈರಮ್ಮ ಗುರುಗುಂಟಾದವಳು. ಮಾತಿನಲ್ಲಿ ಆಕೆಯನ್ನು ಸೋಲಿಸಿದವರು ಇನ್ನೂ ಹುಟ್ಟಿಲ್ಲ, ಆದರೆ ಉಸಿರು ಸೋಲಿಸಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ನೀರಿನ ಕೊಡ ಎತ್ತಿದರೆ ಏದುಸಿರು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಮೂರು ದಿಂಬು ಒರಗಿಸಿ ಕೂತೇ ನಿದ್ದೆ ಮಾಡುತ್ತಿದ್ದಳು. ಯಾರಾದರೂ ಕೇಳಿದರೆ, "ಮನಿ ಕಾಯಾಕತ್ತೀನಿ, ಇವರು ಮಕ್ಕೊಂಡ್ರ ಗುಡಿಸಲು ಸುಟ್ರೂ ಏಳಂಗಿಲ್ಲ" ಎನ್ನುತ್ತಿದ್ದಳು.

ಲಿಂಗಸುಗೂರು ಕಡೆ ಕ್ರೈಸ್ತ ಸನ್ಯಾಸಿನಿಯರ ಒಂದು ಸಣ್ಣ ದವಾಖಾನೆ ಇತ್ತು. ಅಲ್ಲಿದ್ದ ಸಿಸ್ಟರ್ ಅಗ್ನೇಸ್ ಹುಟ್ಟಿದ್ದು ಇಟಲಿಯಲ್ಲಿ. ಮೂವತ್ತು ವರ್ಷ ನಮ್ಮ ಸೀಮೆಯ ಬಿಸಿಲು ತಿಂದು ಮುಖ ಬೆಂದ ಇಟ್ಟಂಗಿಯ ಬಣ್ಣಕ್ಕೆ ಬಂದಿತ್ತು. ಮಾತು ಅಪ್ಪಟ ನಮ್ಮದೇ, ಬೈಗುಳ ಸಮೇತ. ನಾವೆಲ್ಲ ಆಕೆಯನ್ನು ಅಗ್ನೇಸವ್ವ ಅನ್ನುತ್ತಿದ್ದೆವು.

ಅಗ್ನೇಸವ್ವ ಈರಮ್ಮನ ಎದೆಗೆ ನಳಿಗೆ ಹಚ್ಚಿ ಕೇಳಿ, ನನ್ನನ್ನು ಹೊರಗೆ ಕರೆದಳು. "ಪತ್ತಾರ್ರ, ಎದಿಯೊಳಗ ರಕ್ತ ಹಾಯೋ ಸಣ್ಣ ಬಾಗಲ ಇರತಾವ. ಈಕಿಗೆ ಸಣ್ಣಾಕಿದ್ದಾಗ ಕೀಲು ಹಿಡಿದು ಜ್ವರ ಬಂದಿತ್ತಲ್ಲ, ಅದು ಒಂದು ಬಾಗಲ ಕೆಡಿಸೇದ. ಸಂದು ಮುಚ್ಚಿಕೋತ ಬಂದದ."

"ಕೊಯ್ಯಬೇಕೇನ್ರಿ?"

"ಕೊಯ್ಯೋದು ಇತ್ತು. ಈಗ ನಮ್ಮೂರ ದವಾಖಾನ್ಯಾಗ ಹೊಸಾದು ಬಂದದ. ಸಣ್ಣ ನಳಿಗಿ ಹಾಕಿ, ಒಳಗ ಪುಗ್ಗಾ ಉಬ್ಬಿಸಿ ಬಾಗಲ ತೆಗೀತಾರ. ನಾ ಮುಂದಿನ ತಿಂಗಳ ಊರಿಗೆ ಹೊಂಟೀನಿ. ನಮ್ಮ ಮಠದವರಿಗೆ ಬರದು ಕೇಳೀನಿ, ಖರ್ಚೆಲ್ಲ ಅವರು ನೋಡ್ಕೋತಾರ. ಇಬ್ಬರೂ ನನ್ನ ಕೂಡ ಬರ್ರಿ."

ಪುಗ್ಗಾ ಅಂದರೆ ಮಕ್ಕಳು ಊದಿ ಒಡೆಯುವುದು. ನಾನು ಆಕೆಯ ಮುಖ ನೋಡಿದೆ. ನಗುತ್ತಿರಲಿಲ್ಲ. ಹೀಗೆ ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ರಾಯಚೂರಿನಾಚೆ ರೈಲು ಕಾಣದ ಈರಮ್ಮ ಮತ್ತು ನಾನು ವಿಮಾನ ಹತ್ತಿದೆವು.

ವಿಮಾನ ಇಳಿದ ಜಾಗ

ಇಳಿದ ಕೂಡಲೇ ತಕರಾರು. ಸಾಮಾನು ತಪಾಸಣೆ ಮಾಡುವ ಅಧಿಕಾರಿ ನಮ್ಮ ಗಂಟು ಬಿಚ್ಚಿ ಒಣಗಿದ ಜೋಳದ ರೊಟ್ಟಿಯ ಥಪ್ಪಿ ಹೊರಗೆ ತೆಗೆದ. ಒಂದನ್ನು ಎತ್ತಿ ದೀಪಕ್ಕೆ ಹಿಡಿದು ನೋಡಿದ. ಬೆರಳಿನ ಗೆಣ್ಣಿನಿಂದ ಕುಟ್ಟಿದ. ಟಕಟಕ ಸಪ್ಪಳ ಬಂತು. ಇನ್ನೊಬ್ಬನನ್ನು ಕರೆದ, ಅವನೂ ಕುಟ್ಟಿದ.

"ತಿನ್ನಪಾ, ಅಂಜಬ್ಯಾಡ" ಅಂದಳು ಈರಮ್ಮ. ಅಗ್ನೇಸವ್ವ ಬಾಯಿ ತೆರೆಯುವಷ್ಟರಲ್ಲಿ ಒಂದು ಚೂರು ರೊಟ್ಟಿ ಮುರಿದು, ಶೇಂಗಾ ಹಿಂಡಿಯ ಖಾರದ ಪುಡಿಯಲ್ಲಿ ಅದ್ದಿ ಅವನ ಕೈಗೇ ಇಟ್ಟಳು. ಹುಡುಗ ಮರ್ಯಾದಸ್ಥ, ಬೇಡ ಅನ್ನಲಾರದೆ ತಿಂದ. ಮೊದಲು ಕಿವಿ ಕೆಂಪಾಯಿತು, ಆಮೇಲೆ ಮೂಗು. ಕಣ್ಣೀರು ಒರೆಸಿಕೊಳ್ಳುತ್ತ ಹೋಗಿ ಹೋಗಿ ಎಂದು ಕೈ ಬೀಸಿದ. ಗಂಟಿನಲ್ಲಿದ್ದ ಉಳಿದದ್ದನ್ನು ಯಾರೂ ಮುಟ್ಟಲಿಲ್ಲ.

ಹೊರಗೆ ಅಗ್ನೇಸವ್ವನ ತಮ್ಮ ಕಾಫಿ ಕುಡಿಸಿದ. ನಾವು ಬಂಗಾರ ಕರಗಿಸುವ ಮೂಸೆ ಇರುತ್ತದಲ್ಲ, ಅಷ್ಟೇ ದೊಡ್ಡ ಕಪ್ಪು. ತಳದಲ್ಲಿ ಕರ್ರಗೆ ಒಂದು ಗುಟುಕು. ರುಚಿ ನೋಡಲು ಕೊಟ್ಟಿದ್ದಾರೆ, ನಿಜವಾದ ಕಾಫಿ ಹಿಂದೆ ಬರುತ್ತದೆ ಎಂದು ನಾವಿಬ್ಬರೂ ಬಹಳ ಹೊತ್ತು ಕಾದೆವು. ಬರಲಿಲ್ಲ.

ದವಾಖಾನೆ, ಎರಡನೇ ದಿನ

ಅಲ್ಲಿನ ದವಾಖಾನೆಯಲ್ಲಿ ಫಿನಾಯಿಲ್ ವಾಸನೆ ಇಲ್ಲ, ಆದರೆ ಗದ್ದಲ ನಮ್ಮಷ್ಟೇ ಇದೆ. ಈರಮ್ಮನ ವಾರ್ಡಿನಲ್ಲಿ ಆರು ಮಂದಿ ಹೆಂಗಸರು. ಆರೂ ಮಂದಿ ಒಮ್ಮೆಗೇ ಮಾತಾಡುತ್ತಾರೆ, ಕೈ ಇಲ್ಲದೆ ಮಾತಾಡಲಾರರು. ಬಗಲಿನ ಮಂಚದ ಮುದುಕಿಯ ಗಂಡ ಮೊದಲ ದಿನವೇ ನನ್ನನ್ನು ತಬ್ಬಿ ಎರಡೂ ಕೆನ್ನೆಗೆ ಮುತ್ತು ಕೊಟ್ಟ. ಅವನ ಮೀಸೆ ನನ್ನ ಮೀಸೆಗೆ ಸಿಕ್ಕಿಕೊಂಡಿತು. ಅದನ್ನು ನೋಡಿ ಈರಮ್ಮ ಎಷ್ಟು ನಕ್ಕಳೆಂದರೆ, ನಗು ಏದುಸಿರಿಗೆ ತಿರುಗಿ, ತುಟಿ ನೀಲಿಯಾಗಿ, ನರ್ಸು ಓಡಿ ಬಂದು ಮೂಗಿಗೆ ಆಕ್ಸಿಜನ್ ಹಚ್ಚಬೇಕಾಯಿತು. ಅಲ್ಲಿಂದ ಮುಂದೆ ಆ ಮನುಷ್ಯ ಕಂಡರೆ ನಾನು ಬಾಗಿಲ ಮರೆಗೆ ಸರಿಯುತ್ತಿದ್ದೆ.

ಗಡ್ಡದ ಡಾಕ್ಟರು ಬಂದರು. ಮನುಷ್ಯನ ದೇಹದ ದೊಡ್ಡ ಚಿತ್ರವೊಂದನ್ನು ಗೋಡೆಗೆ ನೇತುಹಾಕಿ ಅದರ ತೊಡೆಯ ಸಂದಿಯಲ್ಲಿ ಬೆರಳಿಟ್ಟರು. ಬೆರಳು ಹೊಟ್ಟೆಯೊಳಗಿಂದ ಮೇಲೇರಿ ಎದೆಗೆ ಬಂದು ನಿಂತಿತು. ಈರಮ್ಮ ಆ ಬೆರಳನ್ನು ಹಾವು ನೋಡಿದಂತೆ ನೋಡಿದಳು.

"ಅಗ್ನೇಸವ್ವ, ರೋಗ ಎಲ್ಲಿ ಅದರೀ?"

"ಎದಿಯಾಗ."

"ಇವ ಚುಚ್ಚೋದೆಲ್ಲಿ?"

"ತೊಡಿಗೆ. ಅಲ್ಲಿಂದ ನರದೊಳಗ ನಳಿಗಿ ಹೋಗತದ."

"ಹಂಗಾರ ನನ್ನ ಕಾಗದ ಯಾವಾಕಿನೋ ಕಾಲುನೋವಿನಾಕಿ ಕಾಗದದ ಜೋಡಿ ಅದಲಿ ಬದಲಿ ಆಗ್ಯಾವ. ಹುಡುಕ್ರಿ ಅನ್ರಿ. ಸಿಂಧನೂರು ಸಂತ್ಯಾಗ ಹಲ್ಲು ಕೀಳಾವ ನಮ್ಮಕ್ಕಗ ಹಿಂಗ ಮಾಡ್ದ. ಎಡಕ್ಕ ನೋಯ್ತದ ಅಂದ್ರ ಬಲಕ್ಕಿಂದು ಕಿತ್ತು ಕೈಯಾಗ ಕೊಟ್ಟ. ಹಲ್ಲು ಹೋದ್ರ ಹೋತು. ಇದು ಎದಿ."

ಡಾಕ್ಟರು ಮತ್ತೆ ಹೇಳಿದರು, ಅಗ್ನೇಸವ್ವ ಮತ್ತೆ ಕನ್ನಡ ಮಾಡಿದಳು. ಆಮೇಲೆ ನಾನು ನನ್ನ ಕಸುಬಿನಿಂದ ತಿಳಿಹೇಳಲು ನೋಡಿದೆ. "ನೋಡು, ಪೊಳ್ಳು ಕಡಗ ನಡುವ ನಗ್ಗಿದ್ರ ನಾ ಹೊರಗಿಂದ ಬಡೀತೀನೇನು? ತುದೀಲಿಂದ ತಂತಿ ತೂರಿಸಿ ಒಳಗಿಂದ ಎತ್ತತೀನಿ. ಹಂಗೇ ಇದು."

"ನಾ ಕಡಗ ಏನ್ರೀ?" ಅಂದಳು. "ನೀವು ತಂತಿ ತೂರಿಸಿದ ಕಡಗ ಎಷ್ಟು ಮುರದಾವ ನಾ ಹೇಳಲೇನು ಇವರ ಮುಂದ?"



ಒಪ್ಪಿಗೆಯ ಕಾಗದ ಮಂಚದ ಮೇಲೆ ಹಾಗೇ ಉಳಿಯಿತು. ಆಕೆ ಸಹಿ ಮಾಡದೆ ಅವರು ಮುಟ್ಟುವಂತಿಲ್ಲ. ಡಾಕ್ಟರು ಮೂರು ದಿನ ಕಾಯುತ್ತೇವೆ, ಆಮೇಲೆ ಸರದಿ ಬೇರೆಯವರಿಗೆ ಹೋಗುತ್ತದೆ ಅಂದರು. ವರಾಂಡದಲ್ಲಿ ಅಗ್ನೇಸವ್ವ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಪತ್ತಾರ್ರ, ಹಂಗೇ ತಿರುಗಿ ಕರ್ಕೊಂಡು ಹೋದ್ರ, ಮುಂದಿನ ಮಳಿಗಾಲ ಈಕಿ ನೋಡತಾಳಂತ ನಾ ಮಾತು ಕೊಡಂಗಿಲ್ಲ."

ಬೆಂಕಿ ಮುಂದೆ ಕೂತು ಕೆಲಸ ಮಾಡುವವನಿಗೆ ಬೆವರು ಹೊಸದಲ್ಲ. ಆ ಚಳಿ ದೇಶದಲ್ಲಿ ನಾನು ಬೆವೆತೆ.

ಚರ್ಚು, ನಾಲ್ಕನೇ ದಿನ

ಮನಸ್ಸು ಹಗುರಾಗಲಿ ಎಂದು ಅಗ್ನೇಸವ್ವ ಈರಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಬಗಲಿನ ಚರ್ಚಿಗೆ ಒಯ್ದಳು. ತಳ್ಳುವವನು ನಾನು. ಉದ್ದಕ್ಕೂ ಗೋಡೆಗೆ ದೊಡ್ಡ ದೊಡ್ಡ ಚಿತ್ರ, ಎಲ್ಲವೂ ರೋಗ ವಾಸಿಮಾಡುವ ಸಂತರದು. ಒಬ್ಬೊಬ್ಬರಿಗೂ ಒಂದೊಂದು ಅಂಗದ ಉಸ್ತುವಾರಿ.

ಮೊದಲನೆಯವಳು ಲೂಸಿಯಾ. ಕೈಯಲ್ಲಿ ತಾಟು, ತಾಟಿನಲ್ಲಿ ಎರಡು ಕಣ್ಣು. ಕಣ್ಣುಬೇನೆಯವರು ಆಕೆಗೆ ಬೇಡಿಕೊಳ್ಳುತ್ತಾರಂತೆ. ಬೆಳ್ಳಿ ಕಣ್ಣು ಮಾಡುವವನು ನಾನು, ಮುಂದೆ ಹೋಗಿ ನೋಡಿದೆ. ಜೋಡಿ ಸಮ ಇರಲಿಲ್ಲ, ಎಡದ್ದು ದೊಡ್ಡದು.

"ಮುಖದಾಗೂ ಎರಡು ಅದಾವ, ತಾಟಿನಾಗೂ ಎರಡು ಅದಾವ" ಅಂದಳು ಈರಮ್ಮ. "ನಾಕು ಯಾಕ ಬೇಕಾಗಿತ್ತು?"

"ಮೊದಲಿನವು ಹೋಗಿ ದೇವರು ಹೊಸಾವು ಕೊಟ್ಟ" ಅಂದಳು ಅಗ್ನೇಸವ್ವ.

"ಹಳೇವು ಒಗೀಲಿಲ್ಲ. ಜ್ವಾಕಿ ಹೆಣ್ಮಗಳು."

ಮುಂದಿನ ಚಿತ್ರದಲ್ಲಿ ಇಬ್ಬರು ಅವಳಿ ವೈದ್ಯ ಸಂತರು, ಕಾಸ್ಮಾಸ್ ಮತ್ತು ಡೇಮಿಯನ್. ಬೆಳ್ಳಗಿನ ಮನುಷ್ಯನೊಬ್ಬ ಮಲಗಿದ್ದಾನೆ. ಅವನ ಕೊಳೆತ ಕಾಲು ತೆಗೆದು ಕರ್ರಗಿನ ಕಾಲೊಂದನ್ನು ಕೂಡಿಸುತ್ತಿದ್ದಾರೆ. ಬೆಸುಗೆ ಎಲ್ಲಿ ಹಾಕಿದ್ದಾರೆಂದು ನಾನು ಹುಡುಕಿದೆ. ಕಾಣಲಿಲ್ಲ. ಕೆಲಸಗಾರರು.

"ಏನ್ರೀ, ನಮ್ಮ ಕಡಿಯವನ ಕಾಲು!" ಅಂದಳು ಈರಮ್ಮ. "ಬರೋಬ್ಬರಿ ಆರಿಸ್ಯಾರ. ಇವರ ಕಾಲು ಬಿಸಿಲಾಗ ತಡಿಯಂಗಿಲ್ಲ." ಸ್ವಲ್ಪ ಹೊತ್ತಿಗೆ ಕೇಳಿದಳು: "ಆ ಕಾಲು ಕೊಟ್ಟವನ ಗತಿ ಏನಾತ್ರಿ?"

"ಅವ ಮೊದಲ ಸತ್ತಿದ್ದ."

"ಅವನ್ನ ಯಾರರ ಕೇಳಿದ್ರೇನು?"

ಅಷ್ಟರಲ್ಲಿ ಚರ್ಚಿನ ಪಾದ್ರಿ ಅಗ್ನೇಸವ್ವನ ಗುರುತು ಹಿಡಿದು ಕರೆದರು, ಆಕೆ ಆಚೆ ಹೋದಳು. ನಾನು ಕುರ್ಚಿಯನ್ನು ಮುಂದಿನ ಚಿತ್ರಕ್ಕೆ ತಳ್ಳಿದೆ.

ತಲೆಗೆ ಟೋಪಿ, ಕೈಯಲ್ಲಿ ಕೋಲು, ಕಾಲ ಹತ್ತಿರ ಬಾಯಲ್ಲಿ ರೊಟ್ಟಿ ಕಚ್ಚಿಕೊಂಡ ನಾಯಿ. ನಾಯಿ ಜೊತೆಗಿರುವ ನಮ್ಮ ಮೈಲಾರಲಿಂಗನ ಸಂಬಂಧಿಕ ಅನ್ನಬೇಕು. ಆ ಸಂತ ಒಂದು ಕೈಯಿಂದ ಅಂಗಿಯನ್ನು ಮೇಲೆತ್ತಿ, ಬೆತ್ತಲೆ ತೊಡೆಯ ಮೇಲ್ಭಾಗಕ್ಕೆ ಇನ್ನೊಂದು ಕೈಯ ಬೆರಳು ಇಟ್ಟು ನಮ್ಮನ್ನೇ ನೋಡುತ್ತಿದ್ದಾನೆ. ಸರಿಯಾಗಿ ಗಡ್ಡದ ಡಾಕ್ಟರು ಬೆರಳಿಟ್ಟಿದ್ದರಲ್ಲ, ಅದೇ ಜಾಗ.

ಈರಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ನಿಲ್ರೀ. ಹಿಂದಕ ತಗೀರಿ. ಇಲ್ಲಿ ನೋಡ್ರಿ ಸ್ವಾಮಿ ಏನು ಹೇಳಾಕತ್ತಾನ."

"ಏನು ಹೇಳಾಕತ್ತಾನ?"

"ಇಲ್ಲೇ ಚುಚ್ಚರಿ ಅಂತಾನ! ಕಣ್ಣಿನಾಕಿ ಕಣ್ಣು ತೋರಿಸ್ಯಾಳ, ಕಾಲಿನವರು ಕಾಲು ತೋರಿಸ್ಯಾರ. ಎದಿಯವ ಇವನೇ. ಎದಿ ಬಾಗಲಕ್ಕ ದಾರಿ ಇಲ್ಲಿಂದ ಅದ ಅಂತ ಆಗಿನ ಕಾಲದಾಗ ಇವರಿಗೆ ಗೊತ್ತಿತ್ತು. ಆ ಗಡ್ಡದವ ಇದನ್ನ ನೋಡೇ ಕಲತಾನ. ಅಷ್ಟು ಮಾತಾಡೋ ಬದಲಿ ಮೊದಲ ದಿನನೇ ಇಲ್ಲಿ ಕರ್ಕೊಂಡು ಬಂದಿದ್ರ ಆಗ್ತಿದ್ದಿಲ್ಲೇನು? ಕರೀರಿ ಅಗ್ನೇಸವ್ವನ್ನ. ಸಹಿ ಮಾಡತೀನಿ."

ನಾನು ಓಡಿದೆ. ಅಗ್ನೇಸವ್ವ ಕೇಳಿ ಎರಡೂ ಕೈ ಬಾಯಿಗೆ ಒತ್ತಿಕೊಂಡಳು. "ಅಯ್ಯ ನನ ದೇವರ! ಅವ ರೋಕೊ. ಪ್ಲೇಗಿನ ಸಂತ. ಪ್ಲೇಗಾದವರ ಸೇವೆ ಮಾಡಿ ತನಗೂ ಅಂಟಿಸ್ಕೊಂಡ. ತೊಡಿ ಮ್ಯಾಲೆ ತೋರ್ಸಾಕತ್ತಿದ್ದು ಪ್ಲೇಗಿನ ಗಡ್ಡಿ. ಅಡವ್ಯಾಗ ಬಿದ್ದಾಗ ನಾಯಿ ರೊಟ್ಟಿ ತಂದು ಕೊಟ್ಟಿತ್ತು. ಎದಿಗೂ ಅವಗೂ ಏನೂ ಸಂಬಂಧಿಲ್ಲ ಪತ್ತಾರ್ರ!"

"ಮತ್ತ ಹೇಳತೀರೇನು ಆಕಿಗೆ?"

"ನಾ ಸನ್ಯಾಸಿ. ಸುಳ್ಳು ಹೇಳಾಕ ಬರಂಗಿಲ್ಲ."

"ನಾ ಪತ್ತಾರ. ನನಗೂ ಬರಂಗಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸುಮ್ಮನಿರುವುದು ಸುಳ್ಳಲ್ಲ ಎಂದು ಮಾತಾಡದೆಯೇ ತೀರ್ಮಾನವಾಯಿತು.

ಆದರೆ ಈರಮ್ಮ ಸುಮ್ಮನಿರಲು ಬಿಡುವವಳೇ? ನಾವು ಹತ್ತಿರ ಹೋಗುತ್ತಲೇ ಕೇಳಿದಳು: "ಖರೇ ಅದ ಇಲ್ಲೋ ಅಗ್ನೇಸವ್ವ? ಎದಿ ಸ್ವಾಮಿ ಇವನ ಹೌದಲ್ಲೋ?"

ಅಗ್ನೇಸವ್ವ ತಟ್ಟನೆ ಮಂಡಿಯೂರಿ ಕೈ ಜೋಡಿಸಿ ಕಣ್ಣು ಮುಚ್ಚಿದಳು. ಪ್ರಾರ್ಥನೆಯಲ್ಲಿದ್ದವರನ್ನು ಕರೆಯುವುದು ಹೇಗೆ? ಈರಮ್ಮ ನನ್ನ ಕಡೆ ತಿರುಗಿದಳು. ನಾನು ಬಗ್ಗಿ ಕುರ್ಚಿಯ ಗಾಲಿಯನ್ನು ತಿರುವಿ ತಿರುವಿ ಪರೀಕ್ಷೆ ಮಾಡುತ್ತಿದ್ದೆ. ಅಗ್ನೇಸವ್ವನ ಆ ಪ್ರಾರ್ಥನೆ ಎಷ್ಟು ಉದ್ದವಾಯಿತೆಂದರೆ ಪಾದ್ರಿ ಬಂದು ಹುಷಾರಿದ್ದೀಯಾ ಎಂದು ವಿಚಾರಿಸಿದರು.

ವಾರ್ಡಿಗೆ ಮರಳಿದ ಕೂಡಲೇ ಈರಮ್ಮ ಕಾಗದ ಇಸಿದುಕೊಂಡು, ಕೊಟ್ಟ ಗೆರೆ ಸಾಲದೆ ಅಂಚಿನವರೆಗೂ ದಪ್ಪ ಅಕ್ಷರದಲ್ಲಿ ಹೆಸರು ಬರೆದಳು.

ಗಾಜಿನ ಆಚೆ, ಐದನೇ ದಿನ

ಮರುದಿನ ಬೆಳಿಗ್ಗೆ ಒಳಗೆ ಒಯ್ದರು. ಡಾಕ್ಟರು ಒಳ್ಳೆಯವರು, ನನ್ನನ್ನು ಗಾಜಿನ ಕಿಟಕಿಯ ಈಚೆ ನಿಲ್ಲಲು ಬಿಟ್ಟರು. ಒಳಗೆ ಒಂದು ಟಿ.ವಿ. ಇತ್ತು. ಅದರಲ್ಲಿ ಪಕ್ಕೆಲುಬಿನ ನೆರಳು, ನಡುವೆ ಮಿಸುಕಾಡುವ ಮೋಡದಂಥದ್ದು. ಅದು ನನ್ನ ಹೆಂಡತಿಯ ಎದೆ ಎಂದು ಅಗ್ನೇಸವ್ವ ಹೇಳಿದಳು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿ ನಾನು ಅದನ್ನು ನೋಡಿದ್ದು ಅದೇ ಮೊದಲು.

ತೊಡೆಯಿಂದ ಹೊರಟ ಸಣ್ಣ ತಂತಿ ಮೇಲೇರಿ ಬಂದು ಮೋಡದೊಳಗೆ ಹೊಕ್ಕಿತು. ತುದಿಯಲ್ಲಿ ಪುಗ್ಗಾ ಉಬ್ಬಿತು. ಎರಡೂ ಕಡೆ ಉಬ್ಬಿ ನಡು ಸಣ್ಣಗೆ ಉಳಿಯಿತು. ನೋಡುತ್ತೇನೆ, ಅಪ್ಪಟ ಡಮರು! ಶಿವನ ಕೈಯಲ್ಲಿರಬೇಕಾದದ್ದು ಈರಮ್ಮನ ಎದೆಯೊಳಗೆ ಇತ್ತು. ಆ ಸಣ್ಣ ನಡುವೇ ಕೆಟ್ಟ ಬಾಗಿಲು ಎಂದು ಅಗ್ನೇಸವ್ವ ಪಿಸುಗುಟ್ಟಿದಳು. ಆಕೆ ಜಪಮಾಲೆ ಹಿಡಿದಿದ್ದಳು, ನಾನು ಎದೆಯ ಮೇಲಿನ ಅಂಗಿ ಹಿಡಿದಿದ್ದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಡಮರುವಿನ ನಡು ಪಟ್ಟನೆ ಹಿಗ್ಗಿತು. ಡಾಕ್ಟರು ಗಾಜಿನ ಕಡೆ ತಿರುಗಿ ಹೆಬ್ಬೆರಳು ಎತ್ತಿದರು.

ನಮ್ಮ ಕಡೆ ಹೆಬ್ಬೆರಳು ಎತ್ತಿ ಆಡಿಸಿದರೆ ಏನೂ ಇಲ್ಲ, ಖಾಲಿ ಎಂದು ಅರ್ಥ. ನಾನು ಅಲ್ಲೇ ಗೋಡೆಗೆ ಒರಗಿ ಕುಸಿದೆ. ಅಗ್ನೇಸವ್ವ ರಟ್ಟೆ ಹಿಡಿದು ಎಬ್ಬಿಸಿ, "ಏಳ್ರೀ, ಭೇಷ್ ಆತು ಅಂತ ಹೇಳಾಕತ್ತಾನ!" ಅನ್ನುವವರೆಗೆ ನಾನು ವಿಧುರನಾಗಿದ್ದೆ.

ಮತ್ತೆ ಚರ್ಚು, ಅದೇ ಮಧ್ಯಾಹ್ನ

ಈರಮ್ಮನ ತೊಡೆಯ ಮೇಲೆ ಉಸುಕಿನ ಚೀಲ ಹೇರಿ, ಸಂಜೆಯವರೆಗೆ ಕಾಲು ಅಲುಗಾಡಿಸಬಾರದು ಎಂದು ಮಲಗಿಸಿದ್ದರು. ಮುಖದ ಬಣ್ಣವೇ ಬೇರೆಯಾಗಿತ್ತು. ಚಪ್ಪಟೆ ಮಲಗಿದ್ದಳು, ಏದುಸಿರು ಇರಲಿಲ್ಲ. ಈಗ ಹೇಳದಿದ್ದರೆ ಎಂದೂ ಹೇಳಲಾರೆ ಎನಿಸಿತು.

"ಈರಮ್ಮ, ಆ ಸಂತಗೂ ಎದಿಗೂ ಸಂಬಂಧಿಲ್ಲ. ಅವ ಪ್ಲೇಗಿನವ. ತೋರ್ಸಾಕತ್ತಿದ್ದು ಗಡ್ಡಿ."

ಆಕೆ ಛಾವಣಿ ನೋಡುತ್ತ ಮಲಗಿದ್ದಳು. "ನಿಮಗ ಯಾವಾಗ ಗೊತ್ತಾತು?"

"ನೀ ಸಹಿ ಮಾಡೂಕಿಂತ ಮೊದಲ."

"ಆಗ ಯಾಕ ಹೇಳಲಿಲ್ಲ?"

"ನೀ ಒಲ್ಲೆ ಅಂದಿದ್ರ ನಾ ಒಬ್ಬನ ಊರಿಗೆ ಹೋಗಿ ಏನು ಮಾಡ್ತಿದ್ದೆ?"

ಆಕೆ ಛಾವಣಿಯಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. ಆಮೇಲೆ ಅಂದಳು: "ಅಗ್ನೇಸವ್ವ ಪುಸ್ತಕ ಓದಿ ಹೇಳತಾಳ. ನಾ ಸ್ವಾಮಿ ಮಾರಿ ನೋಡಿ ಹೇಳೀನಿ. ಬರೇ ಪ್ಲೇಗಿನವ ಅಂತ ಅಂದು ಅವನ್ನ ಸಣ್ಣಾವನ್ನ ಮಾಡೀರಿ. ಹೋಗ್ರಿ, ಒಂದು ದೀಪ ಹಚ್ಚಿ ಬರ್ರಿ."

ಹೋದೆ. ಚರ್ಚಿನಲ್ಲಿ ಆ ಹೊತ್ತಿಗೆ ಒಬ್ಬನೇ ಮುದುಕ, ಅದೂ ರೋಕೊ ಸಂತನ ಮುಂದೆ. ನಾನು ಮೇಣದ ಬತ್ತಿ ಹಚ್ಚಿ ನಿಂತಾಗ ಅವನು ಏನೋ ಕೇಳಿದ. ನಿನಗೇನು ಬೇನೆ ಎಂದು ಕೈಸನ್ನೆ. ನನಗೆ ಭಾಷೆ ಬಾರದು. ಧೋತರ ಎತ್ತಿ ಸಂತ ನಿಂತ ಭಂಗಿಯಲ್ಲೇ ನಿಂತು ತೊಡೆಗೆ ಬೆರಳಿಟ್ಟೆ, ಬೆರಳನ್ನು ಎದೆಗೆ ತಂದೆ, ಮುಷ್ಟಿ ಹಿಡಿದು ಬಿಚ್ಚಿ ತೋರಿಸಿದೆ. ಕೆನ್ನೆಗೆ ಕೈ ಹಚ್ಚಿ, ತಲೆಯ ಮೇಲೆ ಸೆರಗು ಹೊದ್ದಂತೆ ಮಾಡಿ, ನಾನಲ್ಲ, ಹೆಂಡತಿ ಎಂದೆ.

ಮುದುಕನ ಮುಖ ಅರಳಿತು. ಟೋಪಿ ತೆಗೆದು ಬದಿಗಿಟ್ಟ. ಕೋಟು ಬಿಚ್ಚಿದ, ಅಂಗಿಯ ಗುಂಡಿ ಒಂದೊಂದಾಗಿ ಬಿಚ್ಚಿದ. ಎದೆಯ ನಡುವೆ ಗಂಟಲಿನಿಂದ ಹೊಟ್ಟೆಯವರೆಗೆ ನೆಟ್ಟನೆಯ ಹೊಲಿಗೆಯ ಗುರುತು. ಅಷ್ಟಕ್ಕೇ ಬಿಡದೆ ಪ್ಯಾಂಟಿನ ಕಾಲನ್ನು ಮೇಲಕ್ಕೆ ಸುತ್ತತೊಡಗಿದ. ಹಿಮ್ಮಡಿಯಿಂದ ಮೊಣಕಾಲು ದಾಟಿ ತೊಡೆಯವರೆಗೂ ಇನ್ನೊಂದು ಉದ್ದ ಹೊಲಿಗೆ. ಕಾಲಿನಿಂದ ದಾರ ಎಳೆದಂತೆ ಮಾಡಿ, ಆ ದಾರವನ್ನು ಎದೆಯಲ್ಲಿ ನೆಟ್ಟು ತೋರಿಸಿದ. ತಿಳಿಯಿತು. ಇವನ ಕಾಲಿನ ನರ ತೆಗೆದು ಎದೆಗೆ ಕೂಡಿಸಿದ್ದಾರೆ! ಆಮೇಲೆ ಅವನು ಗೋಡೆಯ ಸಂತನ ತೊಡೆ ತೋರಿಸಿದ, ತನ್ನ ಎದೆ ತೋರಿಸಿದ, ಇದೂ ಗೊತ್ತಿಲ್ಲವೇ ಎನ್ನುವಂತೆ ನನ್ನನ್ನು ನೋಡಿದ.

ಧೋತರ ಎತ್ತಿಕೊಂಡ ನಾನು, ಎದೆ ಮತ್ತು ಕಾಲು ಬೆತ್ತಲಾದ ಮುದುಕ, ಗೋಡೆಯ ಮೇಲೆ ಅಂಗಿ ಎತ್ತಿದ ಸಂತ, ಹೀಗೆ ಮೂವರೂ ನಿಂತಿದ್ದಾಗ ಕಸ ಗುಡಿಸುವ ಹೆಂಗಸು ಬಂದಳು. ಆಕೆ ಕೂಗಿದ್ದು ನನಗೆ ತಿಳಿಯಲಿಲ್ಲ, ಪೊರಕೆ ತಿಳಿಯಿತು. ಇಬ್ಬರೂ ಬಾಗಿಲಿಗೆ ಓಡಿದೆವು. ಓಡುತ್ತ ಮುದುಕ ಎದೆ ಮುಟ್ಟಿಕೊಂಡು ಸಾವಕಾಶ, ಸಾವಕಾಶ ಎಂದು ಕೈ ಮಾಡುತ್ತಿದ್ದ, ಆದರೂ ನನಗಿಂತ ಮುಂದಿದ್ದ.

ವಾರ್ಡಿಗೆ ಬಂದು ಉಸಿರು ಬಿಡುತ್ತ ನಿಂತೆ.

"ಏನಂದ ಸ್ವಾಮಿ?"

ನಡೆದದ್ದನ್ನೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ, ಸಾಕ್ಷಿಯನ್ನು ಕಣ್ಣಾರೆ ಕಂಡು ಬಂದವನು ಬೇರೆ ಏನು ಅನ್ನಲಿ, "ನೀ ಅಂದದ್ದ ಖರೇ. ನಂದ ತಪ್ಪಾತು" ಎಂಬ ಮಾತು ಬಾಯಿಂದ ಬಿದ್ದೇ ಹೋಯಿತು.

"ಅಗ್ನೇಸವ್ವ!" ಎಂದು ಕೂಗಿದಳು ಈರಮ್ಮ, ವಾರ್ಡಿನ ಗಾಜು ನಡುಗುವ ಹಾಗೆ. "ಜಲ್ದಿ ಬರ್ರಿ! ಇಪ್ಪತ್ತೆರಡು ವರ್ಷದಾಗ ಮೊದಲ ಸಲ ಇವರು ಏನಂದ್ರು ಕೇಳ್ರಿ! ಏನ್ರೀ, ಇನ್ನೊಮ್ಮೆ ಅನ್ರಿ."

ಅಗ್ನೇಸವ್ವನ ಮುಂದೆ ಇನ್ನೊಮ್ಮೆ ಅಂದೆ. ಆಕೆ ಅದನ್ನು ಅವರ ಭಾಷೆಯಲ್ಲಿ ವಾರ್ಡಿಗೆಲ್ಲ ಸಾರಿದಳು. ಉಳಿದ ಐದೂ ಮಂದಿ ಹೆಂಗಸರು ಮಂಚದ ಮೇಲೆ ಎದ್ದು ಕೂತು ಚಪ್ಪಾಳೆ ಹೊಡೆದರು. 

ಗದ್ದಲ ಕೇಳಿ ಗಡ್ಡದ ಡಾಕ್ಟರು ಬಂದರು. ಈರಮ್ಮನ ಎದೆಗೆ ನಳಿಗೆ ಹಚ್ಚಿ ಹುಬ್ಬು ಗಂಟಿಕ್ಕಿ ಕೇಳಿದರು. ಏನೋ ಪ್ರಶ್ನೆ ಹಾಕಿದರು. ಅಗ್ನೇಸವ್ವ ಒಂದೇ ಮಾತಿನಲ್ಲಿ ಉತ್ತರ ಕೊಟ್ಟಳು. ಅವರು ಗಡ್ಡ ಅಲುಗುವಂತೆ ನಕ್ಕು, ಮಂಚಕ್ಕೆ ಕಟ್ಟಿದ ಕಾಗದದ ಮೇಲೆ ಏನನ್ನೋ ಬರೆದುಕೊಂಡು ಹೋದರು.

"ಏನಂದ್ರು?" ಎಂದು ಕೇಳಿದೆ, ಜೀವ ಕೈಯಲ್ಲಿ ಹಿಡಿದು.

"ಬಾಗಲ ಚೆಂದ ತೆಗದದ ಅಂದ. ಆದ್ರ ಎದಿ ಇಷ್ಟು ಜೋರು ಯಾಕ ಬಡಿಯಾಕತ್ತದ ಅಂತ ಕೇಳಿದ."

"ನೀವೇನಂದ್ರಿ?"

"ಗೆದ್ದಾಳ, ಅಂದೆ."